ಬೂದಿದಿಬ್ಬದ ವಯಸ್ಸೂ ಗಣಕಯಂತ್ರದ ನಕ್ಷೆಯೂ

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನಲ್ಲಿ ಹುಟ್ಟಿದವನಿಗೆ ಪ್ರಾಚೀನತೆಯೆಂಬುದು ಪುಸ್ತಕದಲ್ಲಿ ಮಾತ್ರ ಓದುವ ವಿಷಯವಲ್ಲ. 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ದೊರೆತ ಮಸ್ಕಿ ನಮ್ಮ ಜಿಲ್ಲೆಯದು. ಮುದಗಲ್ಲಿನ ಸಮೀಪದ ಪಿಕ್ಲಿಹಾಳವೂ ನಮ್ಮದೇ. ಮಸ್ಕಿಯ ಶಾಸನಕ್ಕಿಂತ ಬಹು ಹಳೆಯವು ನಮ್ಮ ಸೀಮೆಯ ಬೂದಿದಿಬ್ಬಗಳು. ರಾಕ್ಷಸರನ್ನು ಸುಟ್ಟ ಬೂದಿಯೆಂದು ಜನ ಕಥೆ ಕಟ್ಟಿದ್ದ ಈ ದಿಬ್ಬಗಳು ವಾಸ್ತವವಾಗಿ ನೂತನ ಶಿಲಾಯುಗದ ದನಗಾಹಿಗಳು ಮತ್ತೆ ಮತ್ತೆ ಸುಟ್ಟ ಸಗಣಿಯ ರಾಶಿಗಳೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಆದರೆ ಅವು ಎಷ್ಟು ಹಳೆಯವು? ಈ ಪ್ರಶ್ನೆಗೆ ಉತ್ತರವನ್ನು ಚಿತ್ರವಾಗಿ ಬರೆಯಲು ಹೋಗಿ ನಾನು ಮಾಡಿದ ಒಂದು ತಪ್ಪನ್ನೂ, ಅದರಿಂದ ಕಲಿತ ಪಾಠವನ್ನೂ ಸಹಪಾಠಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ತತ್ತ್ವವನ್ನು ಸ್ವಲ್ಪ ನೋಡೋಣ. ವಿಶ್ವಕಿರಣಗಳ ಪ್ರಭಾವದಿಂದ ವಾಯುಮಂಡಲದ ಸಾರಜನಕದಲ್ಲಿ ಅತ್ಯಲ್ಪ ಭಾಗವು ವಿಕಿರಣಶೀಲವಾದ ಇಂಗಾಲ-14 ಆಗುತ್ತದೆ. ಗಿಡಮರಗಳು ಅದನ್ನು ಗಾಳಿಯಿಂದ ಹೀರುತ್ತವೆ. ಅವನ್ನು ತಿಂದ ಪ್ರಾಣಿಗಳ ದೇಹಕ್ಕೂ ಅದು ಸೇರುತ್ತದೆ. ಜೀವ ಹೋದ ಮೇಲೆ ಹೊಸ ಇಂಗಾಲ ಬಾರದು. ಇದ್ದದ್ದು ಸುಮಾರು 5730 ವರ್ಷಕ್ಕೆ ಅರ್ಧದಂತೆ ಕ್ಷಯಿಸುತ್ತದೆ. ಉಳಿದುದನ್ನು ಅಳೆದರೆ ಸತ್ತ ಕಾಲ ತಿಳಿಯುತ್ತದೆ. ಈ ವಿಧಾನವನ್ನು 1940ರ ದಶಕದ ಕೊನೆಯಲ್ಲಿ ರೂಪಿಸಿದ ಅಮೆರಿಕದ ವಿಲ್ಲರ್ಡ್ ಲಿಬ್ಬಿಯವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಆದರೆ ಇಲ್ಲೊಂದು ತೊಡಕಿದೆ. ವಾಯುಮಂಡಲದಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಸಮನಾಗಿ ಇರಲಿಲ್ಲ. ಆದ್ದರಿಂದ ಪ್ರಯೋಗಶಾಲೆ ಕೊಡುವ ವರ್ಷಗಳು ಪಂಚಾಂಗದ ವರ್ಷಗಳಲ್ಲ. ಪ್ರಯೋಗಶಾಲೆಯವರು ‘ಇಂದು’ ಎಂದರೆ 1950 ಎಂದು ಗೊತ್ತುಮಾಡಿಕೊಂಡಿದ್ದಾರೆ. ಹಾಗೆಂದು ಕೊಟ್ಟ ಸಂಖ್ಯೆಯಿಂದ 1950ನ್ನು ಕಳೆದರೆ ಕ್ರಿಸ್ತಪೂರ್ವದ ವರ್ಷ ಬಂದುಬಿಟ್ಟಿತೆಂದು ತಿಳಿಯಬಾರದು. ವರ್ಷಕ್ಕೊಂದರಂತೆ ಬೆಳೆಯುವ ಮರದ ಉಂಗುರಗಳನ್ನು ಎಣಿಸಿ, ಪ್ರತಿ ಉಂಗುರದ ಇಂಗಾಲವನ್ನು ಅಳೆದು, ವಿಜ್ಞಾನಿಗಳು ಒಂದು ಹೊಂದಾಣಿಕೆಯ ರೇಖೆಯನ್ನು ಸಿದ್ಧಪಡಿಸಿದ್ದಾರೆ. ಉಂಗುರಗಳು ಸಿಗದಷ್ಟು ಹಿಂದಿನ ಕಾಲಕ್ಕೆ ಬೇರೆ ಆಧಾರಗಳನ್ನು ಕೂಡಿಸಿದ್ದಾರೆ. 2020ರಲ್ಲಿ ಪ್ರಕಟವಾದ ‘ಇಂಟ್‌ಕ್ಯಾಲ್ 20’ ಎಂಬ ರೇಖೆ 55,000 ವರ್ಷಗಳವರೆಗೆ ಹೋಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಬ್ರಾಂಕ್ ರಾಮ್ಸೆಯವರು ರಚಿಸಿದ ‘ಆಕ್ಸ್‌ಕ್ಯಾಲ್’ ಎಂಬ ಗಣಕ ತಂತ್ರಾಂಶವು ಈ ರೇಖೆಯನ್ನು ಬಳಸಿ ಲೆಕ್ಕವನ್ನೂ ಮಾಡುತ್ತದೆ, ನಕ್ಷೆಯನ್ನೂ ಬರೆಯುತ್ತದೆ.

ನಮ್ಮ ಇತಿಹಾಸ ಸಂಘದ ಪ್ರದರ್ಶನಕ್ಕಾಗಿ ನಾನು ಆರಿಸಿಕೊಂಡದ್ದು ಉಟ್ನೂರಿನ ಬೂದಿದಿಬ್ಬ. ಈಗ ತೆಲಂಗಾಣಕ್ಕೆ ಸೇರಿದ ಈ ಸ್ಥಳವನ್ನು 1957ರಲ್ಲಿ ಆಲ್ಚಿನ್ ಅವರು ಅಗೆದರು. ಅಲ್ಲಿನ ಒಂದು ಮಾದರಿಗೆ ಬ್ರಿಟಿಷ್ ಮ್ಯೂಸಿಯಂ ಪ್ರಯೋಗಶಾಲೆ ಕೊಟ್ಟ ವಯಸ್ಸು 4120, ಹೆಚ್ಚು ಕಡಿಮೆ 150 ವರ್ಷ. ತಂತ್ರಾಂಶದಲ್ಲಿ ಮಾದರಿಯ ಹೆಸರು, ವಯಸ್ಸು, ದೋಷದ ಪ್ರಮಾಣ, ಈ ಮೂರನ್ನು ತುಂಬಿದರೆ ಸಾಕು. ಕ್ಷಣಮಾತ್ರದಲ್ಲಿ ಚಿತ್ರ ಮೂಡುತ್ತದೆ.

ಆ ಚಿತ್ರವನ್ನು ಓದುವ ಬಗೆ ಹೀಗೆ. ಎಡಗಡೆಯ ನಿಂತ ಗೆರೆಯಲ್ಲಿ ಪ್ರಯೋಗಶಾಲೆಯ ವಯಸ್ಸು. ಅದಕ್ಕೆ ಒರಗಿಕೊಂಡು ಕೆಂಪು ಬಣ್ಣದ ಒಂದು ದಿನ್ನೆ. ಕೆಳಗಿನ ಅಡ್ಡಗೆರೆಯಲ್ಲಿ ಪಂಚಾಂಗದ ವರ್ಷಗಳು. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಅಂಕುಡೊಂಕಾಗಿ ಇಳಿಯುವ ನೀಲಿ ಪಟ್ಟಿಯೇ ಹೊಂದಾಣಿಕೆಯ ರೇಖೆ. ಕೆಂಪು ದಿನ್ನೆ ಆ ಡೊಂಕು ಪಟ್ಟಿಯ ಮೂಲಕ ಹಾದು ಅಡ್ಡಗೆರೆಯ ಮೇಲೆ ಬೀಳಿಸಿದ ನೆರಳೇ ಬೂದುಬಣ್ಣದ ಆಕೃತಿ. ಅದರ ಕೆಳಗಿನ ಆವರಣ ಚಿಹ್ನೆಗಳು ನೂರಕ್ಕೆ 68.3 ಮತ್ತು 95.4ರ ಸಂಭವವುಳ್ಳ ಅವಧಿಗಳನ್ನು ಸೂಚಿಸುತ್ತವೆ. ಉಟ್ನೂರಿನ ಮಾದರಿಗೆ 95.4ರ ಅವಧಿ ನೂರಾರು ವರ್ಷಗಳಷ್ಟು ಅಗಲ!

ಈ ಅಗಲವೇ ನನಗೆ ಹಿಡಿಸಲಿಲ್ಲ. ಚಿತ್ರವನ್ನು ಬೇಕಾದಂತೆ ತಿದ್ದಿಕೊಳ್ಳುವ ಸೌಲಭ್ಯ ತಂತ್ರಾಂಶದಲ್ಲಿ ಧಾರಾಳವಾಗಿದೆ. ನಾನು ಅಡ್ಡಗೆರೆಯನ್ನು ಕ್ರಿ.ಪೂ. 2900ರಿಂದ 2400ಕ್ಕೆ ಮೊಟಕುಗೊಳಿಸಿದೆ. ಎರಡು ಕಡೆಯ ಬಾಲಗಳೂ ಮಾಯವಾದವು. ಆವರಣ ಚಿಹ್ನೆಗಳನ್ನು ತೆಗೆದೆ. ತಲೆಯ ಮೇಲಿದ್ದ ತಂತ್ರಾಂಶದ ಹಾಗೂ ರೇಖೆಯ ಹೆಸರನ್ನು ಅಳಿಸಿದೆ. ನಡುವೆ ಒಂದು ದಪ್ಪ ಚುಕ್ಕೆಯನ್ನಿಟ್ಟು ‘ಉಟ್ನೂರಿನ ದಿಬ್ಬ ಹುಟ್ಟಿದ್ದು ಕ್ರಿ.ಪೂ. 2700’ ಎಂದು ಕೆಳಗೆ ಬರೆದೆ. ನೋಡಲು ಬಹು ಚೆಂದವಾಗಿತ್ತು. ನಮ್ಮ ಉಪನ್ಯಾಸಕರು ಬಂದು ನೋಡಿ, ‘ಏನಪ್ಪಾ, ಇದರ ಬಾಲ ಎಲ್ಲಿ?’ ಎಂದು ಒಂದೇ ಮಾತು ಕೇಳಿ ಮುಂದೆ ಹೋದರು. ನನಗೆ ಉತ್ತರ ಹೊಳೆಯಲಿಲ್ಲ.

ಆ ವಾರ ನಮ್ಮೂರು ಗುಂಜಹಳ್ಳಿಗೆ ಹೋದಾಗ ಚಿತ್ರವನ್ನು ಮುತ್ಯಾನಿಗೆ ತೋರಿಸಿ ಎಲ್ಲವನ್ನೂ ವಿವರಿಸಿದೆ. ಜೀವಮಾನವೆಲ್ಲ ದನ ಕಟ್ಟಿದವನು ಅವನು. ಸಾವಕಾಶ ಕೇಳಿ ಹೇಳಿದ: ‘ಸಂತ್ಯಾಗ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡ್ತೀವಿ. ಎರಡು ಹಲ್ಲು, ನಾಕು ಹಲ್ಲು, ಬಾಯಿಗೂಡ್ಯಾದ, ಇಷ್ಟ ಹೇಳ್ತೀವಿ. ಹುಟ್ಟಿದ ದಿನಾ ಹೇಳಾವ ಇದ್ದಾನಂದ್ರ ಅವ ದಲಾಲ ಇರಬೇಕು ತಮ್ಮಾ.’ ಉಪನ್ಯಾಸಕರು ಕೇಳಿದ ಪ್ರಶ್ನೆಯ ಅರ್ಥ ನನಗೆ ಆಗ ತಿಳಿಯಿತು. ಅಳತೆ ಒಂದು ಅವಧಿಯನ್ನು ಹೇಳಿತ್ತು. ಅದರ ಬಾಯಿಂದ ಒಂದು ವರ್ಷವನ್ನು ನುಡಿಸಿದವನು ನಾನು.

ಚಿತ್ರವನ್ನು ಮತ್ತೆ ಬರೆದೆ. ಆಗ ಪಾಲಿಸಿದ ನಿಯಮಗಳನ್ನು ಇಂಥ ಕೆಲಸಕ್ಕೆ ಕೈಹಾಕುವ ಮಿತ್ರರಿಗಾಗಿ ಹೇಳುತ್ತೇನೆ.

ಒಂದನೆಯದಾಗಿ, ಅಡ್ಡಗೆರೆ ಎರಡೂ ಬಾಲಗಳಿಗೆ ಎಡೆಯಿರುವಷ್ಟು ಉದ್ದವಿರಬೇಕು. ಹಲವು ಮಾದರಿಗಳನ್ನು ಹೋಲಿಸುವಾಗ ಎಲ್ಲಕ್ಕೂ ಒಂದೇ ಗೆರೆ, ಒಂದೇ ಅಳತೆ ಇರಬೇಕು. ಗೆರೆಯಲ್ಲಿರುವುದು ಕ್ರಿಸ್ತಪೂರ್ವದ ವರ್ಷವೋ 1950ರಿಂದ ಹಿಂದಕ್ಕೆ ಎಣಿಸಿದ ವರ್ಷವೋ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು.

ಎರಡನೆಯದಾಗಿ, ಸರಾಸರಿಯ ಚುಕ್ಕೆಯನ್ನು ಇಟ್ಟರೂ 95.4ರ ಆವರಣವನ್ನು ತೆಗೆಯಕೂಡದು. ಇದಕ್ಕೆ ಒಂದು ಉದಾಹರಣೆ: ಅಭ್ಯಾಸಕ್ಕಾಗಿ 2450, ಹೆಚ್ಚು ಕಡಿಮೆ 30 ಎಂಬ ಸಂಖ್ಯೆಯನ್ನು ತುಂಬಿ ನೋಡಿರಿ. ದೋಷ ಅಲ್ಪವಾಗಿದ್ದರೂ ಫಲಿತಾಂಶ ಸುಮಾರು ಕ್ರಿ.ಪೂ. 755ರಿಂದ 410ರವರೆಗೆ ಹರಡಿಕೊಳ್ಳುತ್ತದೆ. ಆ ಶತಮಾನಗಳಲ್ಲಿ ಹೊಂದಾಣಿಕೆಯ ರೇಖೆ ಬಯಲಿನಂತೆ ಚಪ್ಪಟೆಯಾಗಿರುವುದೇ ಕಾರಣ. ನಮ್ಮ ನಾಡಿನ ಕಬ್ಬಿಣಯುಗದ ಬೃಹತ್‌ಶಿಲಾ ಗೋರಿಗಳಲ್ಲಿ ಅನೇಕವು ಇದೇ ಕಾಲದ ಸುಳಿಯಲ್ಲಿ ಸಿಕ್ಕಿವೆ. ಅಲ್ಲಿ ಆಕೃತಿಗೆ ಒಂದಕ್ಕಿಂತ ಹೆಚ್ಚು ಶಿಖರಗಳು. ಚುಕ್ಕೆ ಅವುಗಳ ನಡುವಣ ತಗ್ಗಿನಲ್ಲಿಯೂ ಬೀಳಬಹುದು.

ಮೂರನೆಯದಾಗಿ, ಬಣ್ಣ. ಪರದೆಯ ಮೇಲೆ ಕೆಂಪು ನೀಲಿ ಸೊಗಸು. ಆದರೆ ನಮ್ಮ ಸಂಚಿಕೆಯಂತೆ ಒಂದೇ ಶಾಯಿಯಲ್ಲಿ ಅಚ್ಚಾದರೆ ಎರಡೂ ಒಂದೇ ಬೂದು. ಆದ್ದರಿಂದ ಅಳತೆಯ ದಿನ್ನೆಗೆ ಹೊರಗೆರೆ ಮಾತ್ರ, ಫಲಿತಾಂಶಕ್ಕೆ ಗಾಢವಾದ ತುಂಬು, ರೇಖೆಗೆ ತೆಳುವಾದ ಛಾಯೆ ಎಂದು ಹಂಚಿಕೊಂಡೆ. ಚಿತ್ರವನ್ನು ಎಸ್‌ವಿಜಿ ರೂಪದಲ್ಲಿ ಉಳಿಸಿ ‘ಇಂಕ್‌ಸ್ಕೇಪ್’ನಲ್ಲಿ ತೆರೆದರೆ ಇದೂ ಸುಲಭ, ಕನ್ನಡದಲ್ಲಿ ಹೆಸರುಗಳನ್ನು ಬರೆಯುವುದೂ ಸುಲಭ. ಅಕ್ಷರಗಳನ್ನು ಮುಟ್ಟಬಹುದು, ಆಕೃತಿಯ ಅಂಚನ್ನು ಮಾತ್ರ ಎಳೆಯಕೂಡದು.

ನಾಲ್ಕನೆಯದಾಗಿ, ತಂತ್ರಾಂಶದ ಆವೃತ್ತಿ, ರೇಖೆಯ ಹೆಸರು, ಪ್ರಯೋಗಶಾಲೆಯ ಸಂಕೇತ, ಇವು ಚಿತ್ರದಲ್ಲಿಯೋ ಅದರ ಅಡಿಬರಹದಲ್ಲಿಯೋ ಇರಲೇಬೇಕು. ರೇಖೆಯನ್ನು ಆಗಾಗ ಪರಿಷ್ಕರಿಸುತ್ತಾರೆ. ಮುಂದೆ ಬರುವವನು ಲೆಕ್ಕವನ್ನು ಮತ್ತೆ ಮಾಡಬೇಕಾದರೆ ಈ ವಿವರ ಬೇಕು. ಪ್ರಯೋಗಶಾಲೆ ಅಳೆದು ಕೊಟ್ಟ ಮೂಲ ಸಂಖ್ಯೆಯೆಂದೂ ಹಳೆಯದಾಗದು. ಅದರಿಂದ ತೆಗೆದ ಪಂಚಾಂಗದ ವರ್ಷ ಮಾತ್ರ ಬದಲಾಗಬಹುದು.

ಕೊನೆಯದಾಗಿ, ಇದ್ದಿಲು ಹೇಳುವುದು ಮರ ಬೆಳೆದ ಕಾಲವನ್ನು, ಬೆಂಕಿ ಹಚ್ಚಿದ ದಿನವನ್ನಲ್ಲ. ಅಡಿಬರಹ ಬರೆಯುವಾಗ ಇದನ್ನು ನೆನಪಿಡಬೇಕು.

ಹೊಸ ಚಿತ್ರ ಮೊದಲಿನಷ್ಟು ಚೆಲುವಾಗಿರಲಿಲ್ಲ. ಅಗಲವಾದ, ಚಪ್ಪಟೆಯಾದ ಒಂದು ದಿಬ್ಬದಂತಿತ್ತು. ಅದರ ಕೆಳಗೆ ಈ ಸಲ ಬರೆದದ್ದು: ‘ಈ ಮಾದರಿಯ ಕಾಲ ಬಹುಮಟ್ಟಿಗೆ ಕ್ರಿ.ಪೂ. ಮೂರನೆಯ ಸಹಸ್ರಮಾನ.’ ಉಪನ್ಯಾಸಕರು ನೋಡಿ, ಏನೂ ಹೇಳದೆ ಅದನ್ನು ಗೋಡೆಯ ನಡುವೆ ತೂಗುಹಾಕಿಸಿದರು. ನಮ್ಮ ಹಿರಿಯರ ಕಾಲವನ್ನು ಹೇಳಹೊರಟವರಿಗೆ ಚೆಲುವಿಗಿಂತ ಸತ್ಯವೇ ಮೊದಲಾಗಬೇಕೆಂಬುದು ಮಿತ್ರರಲ್ಲಿ ನನ್ನ ಬಿನ್ನಹ.