ಸೋಗೆ, ಹಾಳೆ, ದಂಟಿನ ಆಟಿಕೆ: ಮಾಡಬೇಕಾದ್ದು, ಮಾಡಬಾರದ್ದು

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ತೋಟದಲ್ಲೋ ಬಯಲಲ್ಲೋ ಆಟಿಕೆ ಮಾಡಿಸುವ ತಾಯ್ತಂದೆಯರು, ಅಜ್ಜ-ಅಜ್ಜಿಯರು, ಶಿಬಿರ ನಡೆಸುವವರು ಮೊದಲು ಇದನ್ನು ಓದಿ.

ಮಾಡಬೇಕಾದ್ದು

ಹಿಂದಿನ ದಿನವೇ ಜಾಗ ನೋಡಿ ಬನ್ನಿ. ಹೊಂಗೆಯ ನೆರಳು ಒಳ್ಳೆಯದು. ತೆಂಗಿನ ಬುಡದಲ್ಲಿ ಕೂರಿಸಬೇಡಿ; ಕಾಯಿ, ಒಣಗಿದ ಮಟ್ಟೆ ಹೇಳಿ ಬೀಳುವುದಿಲ್ಲ. ತರಗೆಲೆ, ಬಿದ್ದ ಅಡಿಕೆ ಹಾಳೆಯನ್ನು ಕೋಲಿನಿಂದ ಮಗುಚಿ, ಕೊಡವಿ, ಆಮೇಲೆ ಮಕ್ಕಳ ಕೈಗೆ ಕೊಡಿ. ಅಡಿಯಲ್ಲಿ ಚೇಳು, ಜರಿ, ಕೆಲವೊಮ್ಮೆ ಹಾವೂ ಇರುತ್ತದೆ.

ಆದಷ್ಟೂ ಬಿದ್ದದ್ದನ್ನೇ ಆರಿಸಿ. ಪೀಪಿ, ಉಂಗುರ, ಕೈಗಡಿಯಾರಕ್ಕೆ ತೆಂಗಿನ ಹಸಿ ಗರಿಯೇ ಬೇಕು, ನಿಜ. ಒಂದು ಸೋಗೆ ಕಡಿದರೆ ಇಪ್ಪತ್ತು ಮಕ್ಕಳಿಗೆ ಸಾಕು.

ಗರಿಯಿಂದ ಕಡ್ಡಿ ಬಿಡಿಸುವುದು, ಜೋಳದ ದಂಟು ಸೀಳುವುದು ದೊಡ್ಡವರ ಕೆಲಸ. ದಂಟಿನ ಸಿಪ್ಪೆ ಬ್ಲೇಡಿನಂತೆ ಕುಯ್ಯುತ್ತದೆ. ಸುತ್ತುವುದು, ಹೆಣೆಯುವುದು, ಬೆಂಡಿಗೆ ಕಡ್ಡಿ ಚುಚ್ಚಿ ಚಕ್ಕಡಿ ಕಟ್ಟುವುದು ಮಕ್ಕಳದೇ. ಪೀಪಿ ಊದಲಿಲ್ಲವೆಂದು ನೀವು ಕಿತ್ತುಕೊಂಡು ಸುತ್ತಿಕೊಡಬೇಡಿ. "ಬಾಯಿಯ ಹತ್ತಿರ ಇನ್ನೂ ಬಿಗಿಯಾಗಿ ಸುತ್ತು ಪುಟ್ಟಾ" ಎಂದಷ್ಟೇ ಹೇಳಿ.

ಮಾಡಿದ ಕೂಡಲೇ ಆಡಲು ಬಿಡಿ. ಬೆಳಿಗ್ಗೆ ಬಂಡಿಯಾಗಿದ್ದ ಹಾಳೆ ಮಧ್ಯಾಹ್ನ ದೋಣಿಯಾಗುತ್ತದೆ, ಸಂಜೆ ಗೊಂಬೆಯ ತೊಟ್ಟಿಲಾಗುತ್ತದೆ.

ಮಾಡಬಾರದ್ದು

ಬಹುಮಾನ ಇಡಬೇಡಿ. ಫೋಟೊಗೆಂದು ಆಟ ನಿಲ್ಲಿಸಬೇಡಿ. ಕಡ್ಡಿ ಹಿಡಿದು ಓಡಲು ಬಿಡಬೇಡಿ. ಟಾರು ರಸ್ತೆಯ ಕಡೆಗೆ, ಕಟ್ಟೆಯಿಲ್ಲದ ಬಾವಿಯ ಕಡೆಗೆ ಇಳಿಯುವ ಜಾಗದಲ್ಲಿ ಹಾಳೆ ಬಂಡಿ ಎಳೆಸಬೇಡಿ. ಗೀಜಗನ ಗೂಡು ಖಾಲಿ ಕಂಡರೂ ಕೀಳಬೇಡಿ. ಥರ್ಮೊಕೋಲ್, ಮಿನುಗುಪುಡಿ ಬೇಡವೇ ಬೇಡ. ಬಾಡಿದ ಆಟಿಕೆ ಗೊಬ್ಬರದ ಗುಂಡಿಗೆ ಹೋಗುವಂತಿರಬೇಕು.

ಎಕ್ಕದ ಮೊಗ್ಗು ಒಡೆಯಲು ಬಿಡಬೇಡಿ, ಅದರ ಹಾಲು ಕಣ್ಣು ಕೆಡಿಸುತ್ತದೆ. ಕಾಂಗ್ರೆಸ್ ಗಿಡದ ಹೂವಿನಿಂದ ಗುಚ್ಛ ಕಟ್ಟಿಸಬೇಡಿ, ಚರ್ಮಕ್ಕೆ ತುರಿಕೆ ಹತ್ತುತ್ತದೆ. ಕಣಗಿಲೆಯ ಕಡ್ಡಿ ಯಾವುದಕ್ಕೂ ಬೇಡ, ಗಿಡವಿಡೀ ವಿಷ.

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ್ದು ಗುಲಗಂಜಿಯ ಬಗ್ಗೆ. ಮಣ್ಣಿನ ಗೊಂಬೆಗೆ ಕಣ್ಣು ಬೇಕೆಂದರೆ ಎಲ್ಲರೂ ಹುಡುಕುವುದು ಅದನ್ನೇ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ, ಅಜ್ಜಿಯ ಡಬ್ಬಿಯಲ್ಲಿದ್ದ ಬೀಜ ಎಂಬ ಸಲಿಗೆ ನಮಗೆ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆ ಒಡೆಯದೆ ಹೊರಹೋಗಬಹುದು. ಅಗಿದರೆ, ಅಥವಾ ಸರ ಪೋಣಿಸಲೆಂದು ತೂತು ಕೊರೆದದ್ದನ್ನು ನುಂಗಿದರೆ, ಒಳಗಿನ ವಿಷ ಮೈಗೆ ಸೇರುತ್ತದೆ. ಹರಳು ಬೀಜ, ದತ್ತೂರಿ ಬೀಜವೂ ವಿಷವೇ. ಕಣ್ಣಿಗೆ ಹುಣಸೆ ಬೀಜ ಸಾಕು. 3 ವರ್ಷದೊಳಗಿನ ಕೂಸು ಜೊತೆಗಿದ್ದರೆ ಅದೂ ಬೇಡ. ಬಾಯಿಗೆ ಹಾಕಿಕೊಳ್ಳುತ್ತದೆ, ಮೂಗಿಗೆ ತುರುಕಿಕೊಳ್ಳುತ್ತದೆ.

ಮಗು ಇಂಥ ಬೀಜ ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ಮನೆಮದ್ದು ಕುಡಿಸಬೇಡಿ. 108ಕ್ಕೆ ಕರೆ ಮಾಡಿ, ಉಳಿದ ಬೀಜ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ಆಡಿಕೊಂಡೇ ಇದೆಯಲ್ಲ ಎಂದು ಕಾಯಬೇಡಿ. ಗುಲಗಂಜಿಯ ವಿಷ ಗೊತ್ತಾಗಲು ಹಲವು ಗಂಟೆ, ಕೆಲವೊಮ್ಮೆ ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ.