ಸಂತ ಪ್ಯಾಟ್ರಿಕರ ಹಬ್ಬಕ್ಕೆ ಮಕ್ಕಳ ಕೈಯಲ್ಲಿ ಮೂರೆಲೆಯ ಚಿತ್ರ

ಮಾರ್ಚ್ 17 ಐರ್ಲೆಂಡಿನ ಪಾಲಕರಾದ ಸಂತ ಪ್ಯಾಟ್ರಿಕರ ಹಬ್ಬ. ಆ ದೇಶದಲ್ಲಿ 1903ರಿಂದ ಈ ದಿನ ಸಾರ್ವಜನಿಕ ರಜೆ. ಶ್ಯಾಮ್ರಾಕ್ ಎಂಬ ಪುಟ್ಟ ಮೂರೆಲೆಯ ಗಿಡದ ಒಂದೆರಡು ಕುಡಿಗಳನ್ನು ಎದೆಗೆ ಸಿಕ್ಕಿಸಿಕೊಂಡು ಬಲಿಪೂಜೆಗೆ ಹೋಗುವುದು ಅಲ್ಲಿನವರ ಹಳೆಯ ವಾಡಿಕೆ. ಬೆಂಗಳೂರಿನ ದಂಡುಪ್ರದೇಶದಲ್ಲಿರುವ ಸಂತ ಪ್ಯಾಟ್ರಿಕರ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 19ನೇ ಶತಮಾನದಲ್ಲಿ ಅಲ್ಲಿಗೆ ಬರುತ್ತಿದ್ದ ಐರಿಷ್ ಸೈನಿಕರಿಂದಾಗಿ ಈ ಸಂತರ ಹೆಸರು ನಮ್ಮ ಊರಿಗೂ ಹತ್ತಿರವಾಯಿತು.

ಹಬ್ಬ ಪ್ರತಿವರ್ಷವೂ ತಪಸ್ಸು ಕಾಲದಲ್ಲೇ ಬೀಳುತ್ತದೆ. ನಮ್ಮ ಮಕ್ಕಳಿಗಂತೂ ಪರೀಕ್ಷೆಯ ಕಾಲ. ಓದಿ ಓದಿ ಬೇಸತ್ತ ಮಗುವಿಗೆ ಒಂದು ಗಂಟೆ ಬಿಡುವು ಕೊಟ್ಟು, ಖರ್ಚಿಲ್ಲದೆ ಮಾಡಿಸಬಹುದಾದ ಚಿತ್ರವೊಂದನ್ನು ಇಲ್ಲಿ ಹೇಳುತ್ತೇವೆ.

ಬೇಕಾಗುವುದು ಒಂದು ದಪ್ಪ ಮೆಣಸಿನಕಾಯಿ, ಹಳದಿ ಮತ್ತು ನೀಲಿ ಪೋಸ್ಟರ್ ಬಣ್ಣ, ಒಂದು ಕುಂಚ, ದಪ್ಪನೆಯ ಬಿಳಿ ಹಾಳೆ, ಹಳೆಯ ತಟ್ಟೆ, ನೆಲಕ್ಕೆ ಹಾಸಲು ಹಳೆಯ ಪತ್ರಿಕೆ. ಮಾರುಕಟ್ಟೆಯಲ್ಲಿ ಕಾಯಿ ಆರಿಸುವಾಗಲೇ ಮಗುವನ್ನು ಜೊತೆಗೆ ಕರೆದೊಯ್ಯಿರಿ. ಕಾಯಿಯನ್ನು ತಲೆಕೆಳಗು ಮಾಡಿದರೆ ಕೆಲವಕ್ಕೆ ಮೂರು ಉಬ್ಬು, ಕೆಲವಕ್ಕೆ ನಾಲ್ಕು ಉಬ್ಬು ಕಾಣುತ್ತವೆ. ನಮಗೆ ಬೇಕಾದದ್ದು ಮೂರು ಉಬ್ಬಿನದು. ನಾಲ್ಕರದ್ದು ಪಲ್ಯಕ್ಕಾಯಿತು.

ಕಾಯಿಯನ್ನು ನಡುವಿಗೆ ಅಡ್ಡಲಾಗಿ ಕತ್ತರಿಸಿ. ಕತ್ತಿಯ ಕೆಲಸ ದೊಡ್ಡವರದು. ತಳದ ಅರ್ಧವೇ ನಮ್ಮ ಅಚ್ಚು. ಬೀಜ, ಒಳಗಿನ ಬಿಳಿಯ ಭಾಗ ತೆಗೆದು, ಕತ್ತರಿಸಿದ ಅಂಚನ್ನು ಬಟ್ಟೆಯಿಂದ ಒತ್ತಿ ಒರೆಸಿರಿ. ಅಂಚು ಒದ್ದೆ ಇದ್ದರೆ ಬಣ್ಣ ಜಾರಿ ಎಲೆಯ ಆಕಾರವೇ ಕೆಡುತ್ತದೆ.

ಹಸಿರು ಬಣ್ಣವನ್ನು ಅಂಗಡಿಯಿಂದ ತರಬೇಡಿ. ತಟ್ಟೆಯಲ್ಲಿ ಮೊದಲು ಹಳದಿ ಹಾಕಿ, ಅದಕ್ಕೆ ನೀಲಿಯನ್ನು ಒಂದೊಂದೇ ಹನಿ ಬೆರೆಸಲಿ. ಹಳದಿಯೊಳಗಿಂದ ಹಸಿರು ಹುಟ್ಟುವುದನ್ನು ನೋಡುವ ಸಂತೋಷ ಮಗುವಿಗೇ ಸಿಗಲಿ. ನೀಲಿ ಮೊದಲು ಹಾಕಿದರೆ ಅದನ್ನು ಹಸಿರಾಗಿಸಲು ಹಳದಿಯ ಶೀಶೆಯೇ ಖಾಲಿಯಾಗುತ್ತದೆ. ಬಣ್ಣ ಮಜ್ಜಿಗೆಯಂತಿರದೆ ಗಟ್ಟಿ ಮೊಸರಿನಂತಿರಬೇಕು.

ಈಗ ಅಚ್ಚನ್ನು ಬಣ್ಣಕ್ಕೆ ಒತ್ತಿ, ಹಾಳೆಯ ಮೇಲೆ ನೇರವಾಗಿ ಇಟ್ಟು, ಅಲುಗಾಡಿಸದೆ ಎತ್ತಲಿ. ಮೂರು ಉಬ್ಬಿನ ಗೆರೆ ಮೂಡುತ್ತದೆ. ಒಳಭಾಗವನ್ನು ಕುಂಚದಿಂದ ತುಂಬಿ, ಕೆಳಗೆ ಸ್ವಲ್ಪ ಬಾಗಿದ ಒಂದು ತೊಟ್ಟು ಎಳೆದರೆ ಎಲೆ ಸಿದ್ಧ. ಕುಂಚ ಹಿಡಿಯಲಾರದ ಚಿಕ್ಕ ಮಕ್ಕಳಿಗೆ ಹೆಬ್ಬೆರಳೇ ಸಾಕು. ಎರಡು ಹೆಬ್ಬೆರಳ ಗುರುತುಗಳನ್ನು ಬುಡದಲ್ಲಿ ಸೇರುವಂತೆ ಓರೆಯಾಗಿ ಒತ್ತಿದರೆ ಒಂದು ಹೃದಯ; ಮೂರು ಹೃದಯಗಳ ತುದಿ ಒಂದೆಡೆ ಸೇರಿದರೆ ಒಂದು ಎಲೆ. ನಮಗೆ ಕೇಳಿದರೆ ಈ ಹೆಬ್ಬೆರಳಿನ ಎಲೆಯೇ ಹೆಚ್ಚು ಚೆಂದ.

ಮಗು ನೀಲಿ ಬಣ್ಣದಲ್ಲೇ ಎಲೆ ಬರೆಯುತ್ತೇನೆಂದು ಹಟ ಹಿಡಿದರೆ ಗದರಿಸಬೇಡಿ. 1783ರಲ್ಲಿ ಸ್ಥಾಪನೆಯಾದ ಸಂತ ಪ್ಯಾಟ್ರಿಕರ ಹೆಸರಿನ ರಾಜಗೌರವ ಪದವಿಯ ಬಣ್ಣ ಆಕಾಶನೀಲಿ. ಹಸಿರು ಈ ಹಬ್ಬದ ಬಣ್ಣವಾಗಿ ಗಟ್ಟಿಯಾಗಿ ನಿಂತದ್ದು ಆಮೇಲೆ.

ಶ್ಯಾಮ್ರಾಕ್ ಎಂದರೆ ಐರಿಷ್ ಭಾಷೆಯಲ್ಲಿ ಎಳೆಯ ಕ್ಲೋವರ್, ಅಂದರೆ ಮೇವಿನ ಜಾತಿಯ ಒಂದು ಚಿಕ್ಕ ಗಿಡ. ಅದು ಯಾವ ಗಿಡ ಎಂದು ತಿಳಿಯಲು 1893ರ ಹೊತ್ತಿಗೆ ನಥಾನಿಯೆಲ್ ಕಾಲ್ಗನ್ ಎಂಬ ಸಸ್ಯಾಭ್ಯಾಸಿ ಜನರಿಂದಲೇ ಗಿಡಗಳನ್ನು ತರಿಸಿಕೊಂಡು ಬೆಳೆಸಿ ನೋಡಿದರು. 1988ರಲ್ಲಿ ಅದೇ ಪರೀಕ್ಷೆ ಮತ್ತೊಮ್ಮೆ ನಡೆಯಿತು. ಎರಡು ಸಲವೂ ಜನ ಕಳಿಸಿದ್ದು ಒಂದೇ ಜಾತಿಯ ಗಿಡವಲ್ಲ, ನಾಲ್ಕೈದು ಜಾತಿಯವು! ಹಳದಿ ಹೂವಿನ ಚಿಕ್ಕ ಕ್ಲೋವರ್ ಮೊದಲನೆಯದು, ಬಿಳಿ ಹೂವಿನದು ಎರಡನೆಯದು. ನಮ್ಮ ಹೂಕುಂಡಗಳಲ್ಲಿ ತಾನೇ ಹುಟ್ಟುವ ಹುಳಿರುಚಿಯ ಪುಲ್ಲಂಪುರಚಿ ಸೊಪ್ಪಿನ ಎಲೆಯೂ ಇದೇ ಆಕಾರದ್ದು. ಒಂದು ಕಿತ್ತು ತಂದು ಮಗುವಿನ ಮುಂದಿಟ್ಟರೆ ನೋಡಿ ಬರೆಯಲು ಅನುಕೂಲ. ಅದೃಷ್ಟದ ಎಲೆಯೆಂದು ಶುಭಾಶಯ ಪತ್ರಗಳಲ್ಲಿ ಅಚ್ಚಾಗುವ ನಾಲ್ಕೆಲೆಯದು ಬೇರೆ. ಈ ಹಬ್ಬದ ಎಲೆ ಮೂರರದ್ದೇ.

ಏಕೆ ಮೂರು? ಸಂತರು ಒಂದು ಎಲೆ ಕಿತ್ತು ತೋರಿಸಿ ಪರಮ ತ್ರಿತ್ವವನ್ನು ಬೋಧಿಸಿದರೆಂಬ ಕಥೆ ಇದೆ. ಬರಹದಲ್ಲಿ ಅದು ಕಾಣಿಸುವುದು ಬಹಳ ತಡವಾಗಿ. ಕೇಲಬ್ ಥ್ರೆಲ್ಕೆಲ್ಡ್ 1726ರಲ್ಲಿ ಪ್ರಕಟಿಸಿದ ಐರ್ಲೆಂಡಿನ ಸಸ್ಯಗಳ ಪುಸ್ತಕದಲ್ಲಿ ಅದರ ಉಲ್ಲೇಖವಿದೆ. ಪ್ಯಾಟ್ರಿಕರು 5ನೇ ಶತಮಾನದವರು. ಅವರೇ ಲತೀನ್ ಭಾಷೆಯಲ್ಲಿ ಬರೆದ 'ಕನ್‌ಫೆಸ್ಸಿಯೋ'ದಲ್ಲಿ ತ್ರಿತ್ವದ ವಿಶ್ವಾಸ ಸ್ಪಷ್ಟವಾಗಿದೆ, ಎಲೆಯ ಮಾತಿಲ್ಲ. ಆದ್ದರಿಂದ ಮಕ್ಕಳಿಗೆ "ಹೀಗೊಂದು ಕಥೆ ಹೇಳುತ್ತಾರೆ" ಎಂದೇ ಹೇಳಿ.

ಚಿತ್ರ ಬರೆಯುವ ಮಗು ಒಂದು ಪ್ರಶ್ನೆ ಕೇಳಿಯೇ ಕೇಳುತ್ತದೆ: "ಅಮ್ಮಾ, ಇದರಲ್ಲಿ ಯೇಸುಸ್ವಾಮಿ ಯಾವುದು?" ಇಲ್ಲಿ ಸ್ವಲ್ಪ ಎಚ್ಚರ ಬೇಕು. "ಇದು ಪಿತ, ಇದು ಸುತ, ಇದು ಪವಿತ್ರಾತ್ಮ" ಎಂದು ಬೆರಳಿಟ್ಟು ತೋರಿಸಿಬಿಟ್ಟರೆ ಮಗುವಿನ ಮನಸ್ಸಿನಲ್ಲಿ ದೇವರು ಮೂರು ಪಾಲಾಗಿ ನಿಲ್ಲುತ್ತಾರೆ. ಒಂದು ದಳವನ್ನು ಕೈಯಿಂದ ಮುಚ್ಚಿಸಿ. ಉಳಿದದ್ದು ಇಡೀ ಎಲೆಯಲ್ಲ, ಮುಕ್ಕಾದ ಎಲೆ. ದೇವರ ವಿಷಯ ಹಾಗಲ್ಲ. ಮೂವರು ದೈವತ್ವವನ್ನು ತಮ್ಮಲ್ಲಿ ಹಂಚಿಕೊಂಡಿಲ್ಲ, ಒಬ್ಬೊಬ್ಬರೂ ಸಂಪೂರ್ಣ ದೇವರೇ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 253ನೇ ಪರಿಚ್ಛೇದ ಬೋಧಿಸುತ್ತದೆ. ಎಲೆಯ ಹೋಲಿಕೆ ಅಷ್ಟು ದೂರ ಬರಲಾರದು.

ಹಾಗಾದರೆ ಮಗುವಿಗೆ ಏನು ಹೇಳೋಣ? ಅದು ಆಗಲೇ ಬಲ್ಲ ಪ್ರಾರ್ಥನೆಗೇ ಕರೆದೊಯ್ಯಿರಿ. ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಪಿತ, ಸುತ, ಪವಿತ್ರಾತ್ಮ ಎಂದು ಮೂವರನ್ನು ಕರೆಯುತ್ತೇವೆ. ಮುಗಿಸುವುದು ಮಾತ್ರ 'ನಾಮದಲ್ಲಿ' ಎಂದು, 'ನಾಮಗಳಲ್ಲಿ' ಎಂದಲ್ಲ. ಕನ್ನಡ ಬಲ್ಲ ಆರು ವರ್ಷದ ಮಗುವಿಗೂ ಈ ವ್ಯತ್ಯಾಸ ಕೇಳಿಸುತ್ತದೆ. ಇದಕ್ಕಿಂತ ಹೆಚ್ಚು ವಿವರಿಸಲು ಹೋಗಬೇಡಿ. ಮಗು ಮತ್ತೆ ಕೇಳಿದರೆ "ದೇವರು ನಮ್ಮ ಎಲೆಗಿಂತ ದೊಡ್ಡವರು ಮಗಾ" ಎಂದರೆ ಸಾಕು.

ಬಣ್ಣ ಒಣಗಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಸಂತರ ಕಥೆ ಹೇಳಬಹುದು. ಹಾವು ಓಡಿಸಿದ ಕಥೆ ಬೇಡ. ಐರ್ಲೆಂಡಿನಲ್ಲಿ ಹಿಮಯುಗದ ನಂತರ ಹಾವುಗಳೇ ಇರಲಿಲ್ಲ. ಸಂತರೇ ಬರೆದಿಟ್ಟ ಕಥೆ ಅದಕ್ಕಿಂತ ದೊಡ್ಡದು.

ಅವರು ಐರಿಷ್ ಆಗಿರಲಿಲ್ಲ. ರೋಮನ್ ಆಳ್ವಿಕೆ ಕಂಡ ಬ್ರಿಟನ್ನಿನಲ್ಲಿ ಹುಟ್ಟಿದವರು. ತಂದೆ ಡೀಕನ್, ತಾತ ಗುರು. ಮನೆಯಲ್ಲಿ ಇಷ್ಟೆಲ್ಲ ಇದ್ದರೂ ಹುಡುಗನಾಗಿದ್ದಾಗ ತಾನು ದೇವರನ್ನು ಅರಿತಿರಲಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಸುಮಾರು 16ರ ಪ್ರಾಯದಲ್ಲಿ ದಾಳಿಕೋರರು ಅವರನ್ನು ಹಿಡಿದೊಯ್ದು ಐರ್ಲೆಂಡಿನಲ್ಲಿ ಗುಲಾಮನನ್ನಾಗಿಸಿದರು. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳ ವಯಸ್ಸು! ಆರು ವರ್ಷ ಕುರಿ ಕಾದರು. ಮಂಜಿನಲ್ಲಿ, ಮಳೆಯಲ್ಲಿ, ಬೆಳಕು ಹರಿಯುವ ಮೊದಲೇ ಎದ್ದು, ದಿನಕ್ಕೆ ನೂರು ಸಲ ಪ್ರಾರ್ಥಿಸುತ್ತಿದ್ದರಂತೆ. ಕೊನೆಗೆ ತಪ್ಪಿಸಿಕೊಂಡು ಸುಮಾರು ಇನ್ನೂರು ಮೈಲಿ ದೂರದ ಹಡಗನ್ನು ತಲುಪಿ ಪಾರಾದರು. ಮನೆಯವರು ಇನ್ನೆಂದೂ ನಮ್ಮನ್ನು ಬಿಟ್ಟುಹೋಗಬೇಡ ಎಂದು ಬೇಡಿಕೊಂಡರು. ಆದರೆ ತಮ್ಮನ್ನು ಗುಲಾಮನಾಗಿಸಿದ ಜನರೇ ಕನಸಿನಲ್ಲಿ ಕರೆದಂತಾಗಿ, ಮುಂದೆ ಅದೇ ನಾಡಿಗೆ ಧರ್ಮಾಧ್ಯಕ್ಷರಾಗಿ ಹಿಂತಿರುಗಿದರು.

ದೊಡ್ಡ ಮಕ್ಕಳಿದ್ದರೆ ಇನ್ನೊಂದನ್ನೂ ಹೇಳಿ. ಕೊರೋಟಿಕಸ್ ಎಂಬ ಅರಸನ ಸೈನಿಕರು, ಹೊಸದಾಗಿ ಜ್ಞಾನಸ್ನಾನ ಪಡೆದವರನ್ನು ಬಿಳಿ ಬಟ್ಟೆ ಇನ್ನೂ ಮೈಮೇಲಿರುವಾಗಲೇ ಕೊಂದರು, ಉಳಿದವರನ್ನು ಗುಲಾಮರನ್ನಾಗಿ ಹಿಡಿದೊಯ್ದರು. ಆ ಸೈನಿಕರು ಹೆಸರಿಗೆ ಕ್ರೈಸ್ತರೇ. ಪ್ಯಾಟ್ರಿಕರು ಅವರಿಗೆ ಬರೆದ ಖಂಡನೆಯ ಪತ್ರ ಇಂದಿಗೂ ಉಳಿದಿದೆ. ಪಶ್ಚಾತ್ತಾಪಪಟ್ಟು ಸೆರೆಯವರನ್ನು ಬಿಡುವ ತನಕ ಅಂಥವರೊಡನೆ ಊಟ ಮಾಡಬೇಡಿ ಎಂದು ಭಕ್ತರಿಗೆ ಅವರು ಕಟ್ಟಪ್ಪಣೆ ಮಾಡಿದರು. ತಾನು ಉಂಡ ಕಷ್ಟವನ್ನು ಅವರು ಮರೆತಿರಲಿಲ್ಲ.

ಹಸಿರು ಮಿಕ್ಕಿದ್ದರೆ ಐರ್ಲೆಂಡಿನ ಬಾವುಟವನ್ನೂ ಬರೆಯಿಸಬಹುದು. 18 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಹಾಳೆಯನ್ನು 6 ಸೆಂಟಿಮೀಟರಿನ ಮೂರು ಉದ್ದ ಪಟ್ಟಿಗಳಾಗಿ ಮಾಡಿ: ಹಸಿರು, ಬಿಳಿ, ಕಿತ್ತಳೆ. ನಮ್ಮ ತ್ರಿವರ್ಣದಂತೆಯೇ ಕಂಡರೂ ಪಟ್ಟಿಗಳು ಮಲಗಿಲ್ಲ, ನಿಂತಿವೆ. 1848ರಲ್ಲಿ ಥಾಮಸ್ ಫ್ರಾನ್ಸಿಸ್ ಮೀಗರ್ ವಾಟರ್‌ಫರ್ಡ್ ಊರಿನಲ್ಲಿ ಇದನ್ನು ಮೊದಲು ಹಾರಿಸಿದರು. ಹಸಿರು ಹಿಡಿದ ಕಥೋಲಿಕರಿಗೂ ಕಿತ್ತಳೆ ಹಿಡಿದ ಪ್ರೊಟೆಸ್ಟೆಂಟರಿಗೂ ನಡುವೆ ಬಿಳಿ ಎಂದರೆ ಶಾಂತಿ. ಕೋಲು ಅಂಟಿಸುವುದು ಹಸಿರಿನ ಬದಿಗೆ. ತಿರುಗುಮುರುಗಾದರೆ ಅದು ಆಫ್ರಿಕದ ಐವರಿ ಕೋಸ್ಟ್ ದೇಶದ ಬಾವುಟದಂತೆ ಕಾಣುತ್ತದೆ.