ಹಣ್ಣಿನ ಗಿಡಗಳ ಎಲೆ ಹಳದಿಯಾಗುವುದೇಕೆ?

ಹಿತ್ತಿಲಿನ ನಿಂಬೆಯಾಗಲಿ ಸೀಬೆಯಾಗಲಿ ಹಳದಿಗೆ ತಿರುಗಿದೊಡನೆ ಎರಡು ಬಿಂದಿಗೆ ನೀರನ್ನೂ ಒಂದು ಹಿಡಿ ಗೊಬ್ಬರವನ್ನೂ ಹಾಕುವುದು ನಮ್ಮೆಲ್ಲರ ವಾಡಿಕೆ. ಈ ಉಪಚಾರವು ಒಂದು ಊರಿನಲ್ಲಿ ಗಿಡವನ್ನು ಉಳಿಸಿದರೆ ಮತ್ತೊಂದು ಊರಿನಲ್ಲಿ ಕೊಲ್ಲುವುದುಂಟು. ಆದುದರಿಂದ ಮದ್ದಿಗೆ ಮೊದಲು ಕಾರಣವನ್ನು ವಿಚಾರಿಸುವುದು ಯುಕ್ತವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸಬಯಸುತ್ತೇವೆ.

ಎಲೆಯ ಹಸುರಿಗೆ ಪತ್ರಹರಿತ್ತೆಂಬ ವಸ್ತುವೇ ಕಾರಣ. ಸೂರ್ಯನ ಬೆಳಕನ್ನು ಹಿಡಿದು, ನೀರು ಮತ್ತು ಅಂಗಾರಾಮ್ಲವಾಯುಗಳಿಂದ ಸಕ್ಕರೆಯನ್ನು ಸಿದ್ಧಪಡಿಸುವ ಕೆಲಸವು ಇದರಿಂದ ನಡೆಯುತ್ತದೆ. ಹಳದಿಯ ಬಣ್ಣವಾದರೋ ಎಲೆಯಲ್ಲಿ ಮೊದಲಿನಿಂದಲೂ ಅಡಗಿರುತ್ತದೆ. ಹಸುರು ಕುಂದಿದಾಗ ಹೊರಗೆ ತೋರುತ್ತದೆ. ಮುಪ್ಪಾದ ಕೆಲವು ಎಲೆಗಳು ಹಣ್ಣಾಗಿ ಉದುರುವುದು ಸಹಜವೇ ಸರಿ. ಗಿಡವೆಲ್ಲ ಹಳದಿಯಾದರೆ ಮಾತ್ರ ಎಚ್ಚರಗೊಳ್ಳಬೇಕು.

ಮೊದಲು ನೀರನ್ನು ವಿಚಾರಿಸೋಣ. ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು 1911ರಲ್ಲಿ ಆರಂಭವಾಯಿತು. ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳ ಅನೇಕ ಗ್ರಾಮಗಳು ಇಂದು ನಾಲೆಯ ನೀರನ್ನು ಕಾಣುತ್ತಿವೆ. ಗದ್ದೆಯ ಮಗ್ಗುಲಿನ ಹಿತ್ತಿಲಿನಲ್ಲಿ ನೀರು ನಿಂತರೆ ಬೇರಿಗೆ ಗಾಳಿ ದೊರೆಯದು. ಬೇರು ಕೊಳೆತು, ಗಿಡವು ನೀರಿನ ನಡುವೆಯೇ ಬಾಯಾರಿ ಹಳದಿಯಾಗುತ್ತದೆ. ನಾಗಮಂಗಲದ ಬಹುಭಾಗವು ಮಳೆಯನ್ನು ನಂಬಿದ ಭೂಮಿ. ಅಲ್ಲಿನ ಗಿಡವು ಬೇಸಗೆಯಲ್ಲಿ ಕೆಳಗಿನ ಎಲೆಗಳನ್ನು ಹಳದಿಮಾಡಿ ಉದುರಿಸಿ, ಉಳಿದ ತೇವವನ್ನು ಕಾಪಾಡಿಕೊಳ್ಳುತ್ತದೆ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ನಾಲೆಬಯಲೂ ಉಂಟು, ಬೆದ್ದಲೂ ಉಂಟು. ಆದಕಾರಣ ಎರಡು ಬಗೆಯನ್ನೂ ಕಾಣಬಹುದು.

ನಿರ್ಧರಿಸುವ ಉಪಾಯ ಸುಲಭ. ಪಾತಿಯ ಅಂಚಿನಲ್ಲಿ ಒಂದು ಮೊಳ ಆಳ ಅಗೆದು ನೋಡಿರಿ. ಮಣ್ಣು ಕೆಸರಾಗಿ ದುರ್ವಾಸನೆ ಬಂದು ಬೇರು ಕಪ್ಪಾಗಿದ್ದರೆ ನೀರನ್ನು ನಿಲ್ಲಿಸಿ ಬಸಿಗಾಲುವೆಯನ್ನು ತೆಗೆಯಿರಿ. ಗೊಬ್ಬರವನ್ನು ಆಗ ಹಾಕಬೇಡಿರಿ. ಮಣ್ಣು ಒಣಗಿದ್ದರೆ ಆಳವಾಗಿ ನೀರುಣಿಸಿ, ಪಾತಿಗೆ ತರಗೆಲೆಯನ್ನು ಹೊದಿಸಿರಿ.

ನೀರು ಹದವಾಗಿದ್ದೂ ಹಳದಿ ಹೋಗದಿದ್ದರೆ ಯಾವ ಎಲೆ ಮೊದಲು ಕೆಟ್ಟಿತೆಂಬುದನ್ನು ಗಮನಿಸಬೇಕು. ಸಾರಜನಕವು ಸಾಲದಾದಾಗ ಗಿಡವು ಅದನ್ನು ಹಳೆಯ ಎಲೆಯಿಂದ ಚಿಗುರಿಗೆ ಸಾಗಿಸುವುದರಿಂದ ಕೆಳಗಿನ ಎಲೆಗಳು ಒಂದೇ ಸಮನೆ ಬಿಳಿಚುತ್ತವೆ. ಇದಕ್ಕೆ ಕೊಟ್ಟಿಗೆಯ ಗೊಬ್ಬರವೂ ಹೊಂಗೆಯ ಹಿಂಡಿಯೂ ಹಿತ. ಕಬ್ಬಿಣವು ಹಾಗೆ ಸುಲಭವಾಗಿ ಸಾಗದು. ಅದರ ಕೊರತೆಯಲ್ಲಿ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ನಿಂಬೆಯ ಹೊಸ ಎಲೆಗಳು ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆಗೊಂಡರೆ ಸತುವಿನ ಅಭಾವವನ್ನು ಶಂಕಿಸಬಹುದು. ಸುಣ್ಣದ ಅಂಶ ಹೆಚ್ಚಾದ ನೆಲದಲ್ಲಿಯೂ ಚೌಳು ನೆಲದಲ್ಲಿಯೂ ಈ ಲೋಹಗಳು ಮಣ್ಣಿನಲ್ಲಿದ್ದರೂ ಬೇರಿಗೆ ಎಟಕುವುದಿಲ್ಲ. ಅಂತಹ ಕಡೆ ಮಂಡ್ಯದ ವಿ. ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣನ್ನು ಪರೀಕ್ಷೆಮಾಡಿಸುವುದು ಲೇಸು.

ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹೆಸರಾದ ಸ್ಥಳ. ಅಂಜೂರದ ಎಲೆಯ ತಳದಲ್ಲಿ ಕಂದು ಪುಡಿ ಕಂಡು, ಎಲೆ ಹಳದಿಯಾಗಿ ಉದುರಿದರೆ ಅದು ತುಕ್ಕುರೋಗ. ಆ ಎಲೆಗಳನ್ನು ಗುಡಿಸಿ ಸುಡಬೇಕು, ಪಾತಿಗೆ ಹೊದಿಸಬಾರದು.

ಹತ್ತು ವರ್ಷ ಸಾಕಿದ ಗಿಡವನ್ನು ಒಂದು ತಿಂಗಳ ಅವಸರದ ಉಪಚಾರದಿಂದ ಕಳೆದುಕೊಳ್ಳುವುದು ದೊಡ್ಡ ನಷ್ಟ. ಬಿಂದಿಗೆಯನ್ನು ಎತ್ತುವ ಮೊದಲು ಗುದ್ದಲಿಯನ್ನು ಎತ್ತಿ ಬೇರನ್ನು ನೋಡಿರಿ. ಮನೆಯ ಮಕ್ಕಳಿಗೂ ತೋರಿಸಿರಿ.